ಎವರ್ಟನ ರೊಟ್ಟಿ ಪೆಟ್ಟಿಗೆ

ಕ್ವಾರ್ನ್‌ಮೀರಾ ಊರಿನಲ್ಲಿ, ಹಿಂದಿನವರ ಮನೆಯೊಂದನ್ನು ಸಾಮಾನುಗಳ ಸಮೇತ ಕಾಪಾಡುವ ಹಳೇಮನೆ ಸಂಘಕ್ಕೆ ಅಧ್ಯಕ್ಷನಾಗಲು ಒಂದೇ ಒಂದು ಅರ್ಹತೆ ಬೇಕು. ಆಯ್ಕೆಯ ಹೊತ್ತಿಗೆ ಸಭೆಯಲ್ಲಿ ಇರಬಾರದು. ಫೆಬ್ರವರಿಯ ವಾರ್ಷಿಕ ಸಭೆ ನಡೆಯುತ್ತಿದ್ದಾಗ ಹೋಲ್ಗರ್ ನೇಸ್ಲುಂಡನಿಗೆ ಕಾರಿನ ಎಂಜಿನ್ ಬೆಚ್ಚಗಿಡುವ ವೈರು ಸಿಕ್ಕಿಸಿದೆನೋ ಇಲ್ಲವೋ ಎಂದು ಅನುಮಾನ ಬಂತು. ಎದ್ದು ಹೊರಗೆ ಹೋಗಿ ನೋಡಿದ. ಸಿಕ್ಕಿಸಿಯೇ ಇತ್ತು. ಮತ್ತೆ ಒಳಗೆ ಬರುವಷ್ಟರಲ್ಲಿ ಅವನು ಅಧ್ಯಕ್ಷನಾಗಿದ್ದ. ಎಲ್ಲರೂ ಎರಡು ಸಲ ಚಪ್ಪಾಳೆ ತಟ್ಟಿ ಕಾಫಿಯ ಕಡೆ ನಡೆದರು.

ಹೋಲ್ಗರ್ ಮೂವತ್ತನಾಲ್ಕು ವರ್ಷ ಬಸ್ಸು ಓಡಿಸಿ ನಿವೃತ್ತನಾದವನು. ಕೆರೆಯಾಚೆಯ ಊರಿನವನು, ಗುನ್ವೋರಳನ್ನು ಮದುವೆಯಾಗಿ ಇಲ್ಲಿಗೆ ಬಂದು ನಲವತ್ತೊಂದು ವರ್ಷವಾಗಿದ್ದರೂ ಊರಿನವರ ಬಾಯಲ್ಲಿ ಇನ್ನೂ 'ಹೊಸಬ'. ಒಮ್ಮೆ ಹಿಮ ಸುರಿಯುತ್ತಿದ್ದಾಗ ಹನ್ನೊಂದು ಜನರಿದ್ದ ಬಸ್ಸನ್ನು ಪಕ್ಕದ ಕಣಿವೆಗೆ ಓಡಿಸಿಕೊಂಡು ಹೋಗಿ, ಯಾರದೋ ದನದ ಕೊಟ್ಟಿಗೆಯ ಮುಂದೆ ನಿಲ್ಲಿಸಿ, "ಕೊನೇ ಸ್ಟಾಪು" ಎಂದು ಕೂಗಿದ್ದ. ಹತ್ತು ಜನ ವರ್ಷಗಟ್ಟಲೆ ಅದನ್ನು ಆಡಿಕೊಂಡರು. ಹನ್ನೊಂದನೆಯವನು ಬಡಗಿ ಎವರ್ಟ್. ಅವನು ಏನೂ ಹೇಳಲಿಲ್ಲ. ಮರುವಾರ ಮರದಲ್ಲೊಂದು ಬಾಣ ಕೆತ್ತಿ, 'ಮನೆ ಈ ಕಡೆ' ಎಂದು ಬರೆದು, ಬಸ್ಸಿನ ಗಾಜಿನ ಕೆಳಗೆ ಮೊಳೆ ಹೊಡೆದು ಕೂರಿಸಿಕೊಟ್ಟ. ಅವತ್ತಿನಿಂದ ಇಬ್ಬರೂ ಗೆಳೆಯರಾದರು. ನಮ್ಮೂರಿನಲ್ಲಿ ಗೆಳೆತನ ಎಂದರೆ ಒಂದೇ ಬೆಂಚಿನ ಮೇಲೆ ಕೂತು ಒಂದು ಗಂಟೆ ಮಾತಾಡದೆ ಇರುವುದು. ಇವರು ಮೂವತ್ತು ವರ್ಷ ಹಾಗೆ ಕೂತಿದ್ದರು.

ಈಗ ಎವರ್ಟನಿಗೆ ಎಂಬತ್ತೊಂಬತ್ತು. ಚಳಿಗಾಲದಿಂದ ಪಟ್ಟಣದ ಆರೈಕೆ ಮನೆಯಲ್ಲಿ ಮಲಗಿದ್ದ. ಹೋಲ್ಗರ್ ಇನ್ನೂ ನೋಡಲು ಹೋಗಿರಲಿಲ್ಲ. ಅವನು ಅಧ್ಯಕ್ಷನಲ್ಲವೇ, ಆಗಸ್ಟಿನ ಕೊನೆಯ ಶನಿವಾರ ಶಾಲಾ ಮಕ್ಕಳಿಗೂ ಅವರ ಮನೆಯವರಿಗೂ 'ಕೈ ಹಚ್ಚಿ ನೋಡಿ' ದಿನ ನಡೆಸಬೇಕಿತ್ತು. ಮಕ್ಕಳು ಬೆಣ್ಣೆ ಕಡೆಯಬೇಕು, ಉಣ್ಣೆ ಹಿಂಜಬೇಕು, ರೊಟ್ಟಿ ಲಟ್ಟಿಸಬೇಕು. ಪಕ್ಕದ ಊಸ್ಟರ್‌ಓ ಊರಿನವರು ಹೋದ ವರ್ಷ ಹಳೆಯ ಕಾಲದ ಹಾಗೆ ಪೈನ್ ಮರದಿಂದ ಡಾಂಬರು ಇಳಿಸುವ ಭಟ್ಟಿ ಹಚ್ಚಿ ಪತ್ರಿಕೆಯಲ್ಲಿ ಫೋಟೋ ಹಾಕಿಸಿಕೊಂಡಿದ್ದರು. ನಮ್ಮ ಹಳೇಮನೆಯಲ್ಲಿ ಇದ್ದದ್ದು ಹತ್ತೊಂಬತ್ತು ಕಾಫಿ ಬೀಸುವ ಯಂತ್ರಗಳು. ಊರಿನಲ್ಲಿ ಯಾರೇ ಸತ್ತರೂ ಮಕ್ಕಳು ಬಂದು ಮನೆ ಖಾಲಿ ಮಾಡಿ, ಒಂದು ಕಾಫಿ ಬೀಸುವ ಯಂತ್ರವನ್ನು ಸಂಘಕ್ಕೆ ಕೊಟ್ಟು, ಉಳಿದದ್ದನ್ನು ಕಾರಿಗೆ ತುಂಬಿಕೊಂಡು ಹೋಗುತ್ತಾರೆ.

ಆ ಬೇಸಿಗೆಯಲ್ಲಿ ಎವರ್ಟ್ ಮೂರು ಸಲ ಫೋನ್ ಮಾಡಿದ.

"ಹೋಲ್ಗರ್, ಒಂದು ವಿಷಯ ಇದೆ. ಬಂದು ಹೋಗು."

"ಮಕ್ಕಳ ದಿನ ಒಂದು ಮುಗೀಲಿ ಎವರ್ಟ್. ಮಾರನೇ ದಿನವೇ ಬರ್ತೀನಿ. ಈಗ್ಲೇ ಹೇಳ್ಬಾರ್ದಾ?"

"ಫೋನಲ್ಲಿ ಹೇಳೋದಲ್ಲ ಇದು. ನೀನು ಬಾ, ಕಾದಿರ್ತೀನಿ."

ಪಟ್ಟಣಕ್ಕೆ ನಲವತ್ತು ನಿಮಿಷದ ದಾರಿ. ಹೋಲ್ಗರ್ ಬೇಸಿಗೆಯಲ್ಲಿ ನಾಲ್ಕು ಸಲ ಆ ದಾರಿಯಲ್ಲಿ ಹೋಗಿದ್ದ. ಎರಡು ಸಲ ಬಾವುಟ ತರಲು, ಎರಡು ಸಲ ಆ ಬಾವುಟ ಚಿಕ್ಕದಾಯಿತೆಂದು ಬದಲಾಯಿಸಲು.

'ಕೈ ಹಚ್ಚಿ ನೋಡಿ' ದಿನಕ್ಕೆ ಎರಡು ದಿನ ಮುಂಚೆ, ಗುರುವಾರ, ಹೋಲ್ಗರ್ ಹಳೇಮನೆಯ ಅಟ್ಟ ಹತ್ತಿದ. ಕನ್ನಡಕ ಕಾರಿನಲ್ಲೇ ಉಳಿದಿತ್ತು. ಸೂರಿನ ಕೆಳಗೆ, ಟಾರ್ಪಾಲಿನ ಮರೆಯಲ್ಲಿ, ಉದ್ದನೆಯ ಪೆಟ್ಟಿಗೆಯೊಂದು ಕಂಡಿತು. ಆರು ಹಲಗೆಯ, ಬಣ್ಣವಿಲ್ಲದ, ಒಂದು ಕಡೆ ಅಗಲವಾಗಿ ಇನ್ನೊಂದು ಕಡೆ ಕಿರಿದಾದ ಪೆಟ್ಟಿಗೆ. ಮುಚ್ಚಳ ಎತ್ತಿದ. ಒಳಗೆ ಬಾರ್ಲಿಯ ಕಡಕ್ ರೊಟ್ಟಿ, ಅಂಚಿನವರೆಗೆ. ಊಸ್ಟರ್‌ಓ ಊರಿನವರಿಗೆ ಡಾಂಬರಿದ್ದರೆ ನಮಗೆ ಹಳೆಯ ಕಾಲದ ರೊಟ್ಟಿ ಪೆಟ್ಟಿಗೆ ಇದೆ ಎಂದುಕೊಂಡ ಹೋಲ್ಗರ್.

ಆ ಪೆಟ್ಟಿಗೆ ಏನೆಂದು ಓದುಗರಿಗೆ ಈಗಲೇ ಹೇಳಿಬಿಡುವುದು ಲೇಸು. ಯಾಕೆಂದರೆ ಊರಿನ ಮುದುಕರಿಗೆಲ್ಲ ಗೊತ್ತಿತ್ತು, ಹೋಲ್ಗರನಿಗೊಬ್ಬನಿಗೆ ಗೊತ್ತಿರಲಿಲ್ಲ. ಅದು ಎವರ್ಟನ ಶವಪೆಟ್ಟಿಗೆ. ಅಪ್ಪನ ಕಾಲದ ಕೊಟ್ಟಿಗೆ ಬಿಚ್ಚಿದಾಗ ಅದರ ಹಲಗೆಗಳಿಂದ ತನ್ನ ಅಳತೆಗೆ ತಾನೇ ಮಾಡಿಕೊಂಡಿದ್ದು. ಇಲ್ಲಿಯ ಹಳಬರು ಹಾಗೆ ಮೊದಲೇ ಮಾಡಿಸಿ ಅಟ್ಟದಲ್ಲಿ ಇಡುತ್ತಿದ್ದರು. ಆದರೆ ಖಾಲಿ ಇಡುತ್ತಿರಲಿಲ್ಲ. ರೊಟ್ಟಿಯನ್ನೋ ಕಾಳನ್ನೋ ತುಂಬಿಡುತ್ತಿದ್ದರು. ಖಾಲಿ ಪೆಟ್ಟಿಗೆ ತನ್ನ ಯಜಮಾನನನ್ನು ಕರೆಯುತ್ತದೆ ಎಂದು ನಂಬಿಕೆ. ತನ್ನ ಮನೆಯ ಸೂರು ಸೋರುತ್ತದೆಂದು ಎವರ್ಟ್ ಹಿಂದಿನ ಅಧ್ಯಕ್ಷನನ್ನು ಕೇಳಿ ಇದನ್ನು ಇಲ್ಲಿ ಇಟ್ಟಿದ್ದ. ಆ ಅಧ್ಯಕ್ಷ ಮುಂದೆ ಬರುವವನಿಗೆ ಹೇಳದೆ ಸತ್ತು, ಒಂದು ಕಾಫಿ ಬೀಸುವ ಯಂತ್ರ ಬಿಟ್ಟು ಹೋಗಿದ್ದ.

ಹೋಲ್ಗರ್ ಶವಪೆಟ್ಟಿಗೆ ಕಂಡವನಲ್ಲ ಎಂದಲ್ಲ. ಅವನು ಕಂಡದ್ದು ಅಂಗಡಿಯ ಬಿಳಿ ಬಣ್ಣದ, ಹಿತ್ತಾಳೆ ಹಿಡಿಯ ಪೆಟ್ಟಿಗೆಗಳನ್ನು. ಅವುಗಳೊಳಗೆ ರೊಟ್ಟಿ ಇರುವುದಿಲ್ಲ. ಜೊತೆಗೆ ಮನುಷ್ಯ ತನಗೆ ಬೇಕಾದದ್ದನ್ನು ಹುಡುಕಿಕೊಂಡು ಅಟ್ಟ ಹತ್ತಿದರೆ ಬೇಕಾದದ್ದೇ ಕಾಣುತ್ತದೆ. ಅವನು ರೊಟ್ಟಿಯನ್ನೆಲ್ಲ ತೆಗೆದು ಹಿತ್ತಲಿನ ಕುರಿಗಳಿಗೆ ಹಾಕಿದ. ಪೆಟ್ಟಿಗೆಯ ಒಳಬದಿಯಲ್ಲಿ ಪೆನ್ಸಿಲಿನಲ್ಲಿ ಏನೋ ಗೀಚಿತ್ತು. ಬಡಗಿಯ ಲೆಕ್ಕವೆಂದುಕೊಂಡು, ಮಕ್ಕಳು ಮುಟ್ಟುವ ಪೆಟ್ಟಿಗೆ ಶುಚಿಯಾಗಿರಲೆಂದು ಅದರ ಮೇಲೆ ಬಿಳಿ ಕಾಗದ ಅಂಟಿಸಿದ. ಎರಡು ದಿನ ಪೆಟ್ಟಿಗೆ ಬಾಯಿ ತೆರೆದುಕೊಂಡು ಖಾಲಿ ನಿಂತಿತ್ತು.

ಶನಿವಾರ ಜಿಟಿಜಿಟಿ ಮಳೆಯಲ್ಲಿ ಬಾವುಟ ಏರಿತು. ಅರವತ್ತು ಮಕ್ಕಳು, ಅವರ ಅಪ್ಪ ಅಮ್ಮಂದಿರು, ಪತ್ರಿಕೆಯವನೊಬ್ಬ ಬಂದರು. ಜಿಲ್ಲಾ ವಸ್ತುಸಂಗ್ರಹಾಲಯದಿಂದ ಪೆರ್ನಿಲ್ಲಾ ಎಂಬ ಅಧಿಕಾರಿಯೂ ಬಂದರು. ಬಿಳಿ ಕೈಗವಸು, ಕೊರಳಲ್ಲಿ ಭೂತಗನ್ನಡಿ. ಗುನ್ವೋರ್ ಹಿತ್ತಲಿನ ಬೇಕರಿ ಮನೆಯಲ್ಲಿ ಬೆಂಕಿಯ ಮುಂದೆ ಬೆಳಿಗ್ಗೆ ಆರರಿಂದ ಬೆವರು ಸುರಿಸುತ್ತಿದ್ದಳು. ಪೆಟ್ಟಿಗೆ ಅವಳ ಕಣ್ಣಿಗೆ ಬಿದ್ದಿರಲಿಲ್ಲ. ಬಿದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಪೆಟ್ಟಿಗೆಯನ್ನು ದೊಡ್ಡ ಕೋಣೆಯ ನಡುವೆ ಎರಡು ಸ್ಟೂಲಿನ ಮೇಲೆ ಇರಿಸಲಾಗಿತ್ತು. ಶಾಲೆಯ ಮೇಡಂ ಅದರ ಮುಚ್ಚಳವನ್ನು ತೆಗೆದು ಪಕ್ಕದ ಮೇಜಿಗೆ ಹಾಕಿ, ಅದರ ಮೇಲೆ ಹಿಟ್ಟು ಉದುರಿಸಿ ಮಕ್ಕಳಿಂದ ರೊಟ್ಟಿ ಲಟ್ಟಿಸುತ್ತಿದ್ದರು. ಪತ್ರಿಕೆಯವನು ಎರಡು ವರ್ಷದ ಅವಳಿ ಮಕ್ಕಳನ್ನು ಪೆಟ್ಟಿಗೆಯೊಳಗೆ ಕೂರಿಸಿ, ಕೈಗೊಂದು ರೊಟ್ಟಿ ಕೊಟ್ಟು, ಫೋಟೋ ತೆಗೆದ.

ಮೊದಲು ಬಂದ ಹಳಬರು ಎಂಬತ್ತನಾಲ್ಕರ ಹಿಲ್ಲೆವಿ. ಬಾಗಿಲಲ್ಲೇ ನಿಂತರು. ಪೆಟ್ಟಿಗೆ ನೋಡಿದರು. ಅವಳಿ ಮಕ್ಕಳನ್ನು ನೋಡಿದರು. ಹೋಲ್ಗರನನ್ನು ನೋಡಿದರು.

"ಇದು ಎವರ್ಟ್‌ಗೆ ಗೊತ್ತಾ?"

"ಏನು ಗೊತ್ತಾಗ್ಬೇಕು ಹಿಲ್ಲೆವಿ?"

"ಏನಿಲ್ಲ. ಸುಮ್ನೆ ಕೇಳ್ದೆ."

"ರೊಟ್ಟಿ ತಗೋ. ಬಿಸಿ ಇದೆ."

"ನಂಗೆ ಬಾರ್ಲಿ ಆಗಲ್ಲ."

ಹಿಲ್ಲೆವಿ ಎಂಬತ್ತನಾಲ್ಕು ವರ್ಷವೂ ಬಾರ್ಲಿ ತಿಂದೇ ಬೆಳೆದಿದ್ದರು. ಹಿಂದೆ ಬಂದ ಮುದುಕರಿಗೂ ಅವತ್ತು ಬಾರ್ಲಿ ಆಗಲಿಲ್ಲ. ಒಬ್ಬರಿಗೆ ಹಲ್ಲು, ಒಬ್ಬರಿಗೆ ಹೊಟ್ಟೆ, ಇನ್ನೊಬ್ಬರು ಈಗ ತಾನೇ ಊಟ ಮಾಡಿ ಬಂದವರು. ಎಲ್ಲರೂ ಕಿಟಕಿಯ ಬಳಿ ಸಾಲಾಗಿ ನಿಂತು ಮಳೆ ನೋಡಿದರು. ಎವರ್ಟನೇ ಒಪ್ಪಿ ಕೊಟ್ಟಿರಬೇಕು, ಗೆಳೆಯರಲ್ಲವೇ, ಕೇಳಲು ನಾವು ಯಾರು ಎಂಬುದು ಒಬ್ಬೊಬ್ಬರ ಮನಸ್ಸಿನಲ್ಲೂ ಇತ್ತು. ನಮ್ಮೂರಿನಲ್ಲಿ ಪಕ್ಕದವನ ಮನೆಗೆ ಬೆಂಕಿ ಬಿದ್ದರೂ, ಅವನೇ ಹಚ್ಚಿಕೊಂಡಿದ್ದಾನೋ ಏನೋ ಎಂದು ಒಂದು ನಿಮಿಷ ಕಾಯುತ್ತಾರೆ.

ಪೆರ್ನಿಲ್ಲಾ ಮಾತ್ರ ಮಾತಾಡಿದರು. ಹಲಗೆಯನ್ನು ಭೂತಗನ್ನಡಿಯಲ್ಲಿ ನೋಡುತ್ತ, ಮರದ ಉಂಗುರ ಎಣಿಸುತ್ತ, ಪೆಟ್ಟಿಗೆಯ ಸುತ್ತ ಮೂರು ಸುತ್ತು ಬಂದರು.

"ಇನ್ನೂರು ವರ್ಷಕ್ಕೆ ಕಡಿಮೆ ಇಲ್ಲ ಈ ಮರ. ಇಂಥ ಆಕಾರ ನಾನು ಎಲ್ಲೂ ನೋಡಿಲ್ಲ. ಒಂದು ಕಡೆ ಯಾಕೆ ಕಿರಿದು?"

ಹೋಲ್ಗರನಿಗೆ ಗೊತ್ತಿಲ್ಲ ಎಂದು ಹೇಳುವ ಅವಕಾಶ ಇತ್ತು. ಆದರೆ ಅಧ್ಯಕ್ಷನಾದವನು ಗೊತ್ತಿಲ್ಲ ಎನ್ನಬಹುದೇ?

"ಅಗಲದ ಕಡೆ ದೊಡ್ಡವರ ರೊಟ್ಟಿ. ಕಿರಿದಾದ ಕಡೆ ಮಕ್ಕಳ ರೊಟ್ಟಿ," ಎಂದ.

"ಮಕ್ಕಳ ರೊಟ್ಟಿ," ಎಂದು ಪೆರ್ನಿಲ್ಲಾ ಬರೆದುಕೊಂಡರು. "ಬಹಳ ಮುಖ್ಯವಾದ ಮಾಹಿತಿ. ಇಷ್ಟು ಉದ್ದ ಯಾಕೆ?"

"ಚಳಿಗಾಲದಲ್ಲಿ ಆಳು ಇದರೊಳಗೆ ಮಲಗ್ತಿದ್ದ. ರೊಟ್ಟಿ ಖಾಲಿ ಆದ್ಮೇಲೆ."

ಕಿಟಕಿಯ ಬಳಿ ಯಾರೋ ಕೆಮ್ಮಿದರು.

"ಮಲಗ್ತಿದ್ದನಾ? ಹೇಗೆ?"

"ಹೀಗೆ," ಎಂದು ಹೋಲ್ಗರ್ ಬೂಟು ಬಿಚ್ಚಿದ. ಅಧಿಕಾರಿಗಳು ಕೇಳಿದ್ದಾರೆ, ಪತ್ರಿಕೆಯವನು ಕ್ಯಾಮೆರಾ ಎತ್ತಿದ್ದಾನೆ, ಮಕ್ಕಳೆಲ್ಲ ಸುತ್ತ ನಿಂತಿದ್ದಾರೆ. ದಿನದ ಹೆಸರೇ 'ಕೈ ಹಚ್ಚಿ ನೋಡಿ'. ಅವನು ಇನ್ನೊಂದು ಸ್ಟೂಲು ಹತ್ತಿ ಒಳಗೆ ಮಲಗಿದ. ಕಾಲ ಕಡೆ ಒಂದು ಗೇಣು ಉಳಿಯಿತು. ಕೈ ಎಲ್ಲಿಡುವುದೆಂದು ತಿಳಿಯದೆ ಎದೆಯ ಮೇಲೆ ಜೋಡಿಸಿಕೊಂಡ.

ಅಷ್ಟರಲ್ಲಿ ಬಾಗಿಲು ತೆರೆಯಿತು. ಎವರ್ಟನ ತಂಗಿ ಇಂಗೆಗೆರ್ಡ್ ಒಳಗೆ ಬಂದಳು. ಎಂಬತ್ತೆರಡರ, ಕಡ್ಡಿಯಂಥ ಹೆಂಗಸು, ಕಪ್ಪು ಕೋಟು. ಅವಳ ಹಿಂದೆ ಕಪ್ಪು ವ್ಯಾನಿನ ಡ್ರೈವರ್ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ. ಅವಳು ಪೆಟ್ಟಿಗೆಯ ಬಳಿಗೆ ಬಂದು ಬಗ್ಗಿ ನೋಡಿದಳು.

"ಏಳು, ಹೋಲ್ಗರ್. ಅದು ನಿನ್ನ ಅಳತೇದಲ್ಲ."

ಹೋಲ್ಗರ್ ಮಲಗಿದಲ್ಲಿಂದಲೇ ನಕ್ಕ. "ಇಂಗೆಗೆರ್ಡ್, ನೀನೂ ಬಂದ್ಯಾ? ಎವರ್ಟ್ ಹೇಗಿದ್ದಾನೆ?"

"ಇವತ್ತು ಬೆಳಿಗ್ಗೆ ಆರೂಕಾಲಿಗೆ ಹೋದ. ಅವನ ಪೆಟ್ಟಿಗೆ ತಗೊಂಡು ಹೋಗೋಕೆ ಬಂದಿದೀನಿ."

ಕೋಣೆಯಲ್ಲಿ ಬೆಣ್ಣೆ ಕಡೆಯುವ ಸದ್ದೂ ನಿಂತಿತು. ಹೋಲ್ಗರ್ ಎದ್ದು ಕೂತ. ಕೆಳಗಿನ ಹಲಗೆಯನ್ನು, ಎರಡು ಪಕ್ಕದ ಹಲಗೆಗಳನ್ನು, ಕಿರಿದಾದ ತುದಿಯನ್ನು ಒಂದೊಂದಾಗಿ ನೋಡಿದ. ಮೂವತ್ತು ವರ್ಷ ಪಕ್ಕದಲ್ಲಿ ಕೂತವನ ಭುಜದ ಅಗಲ ಅವನಿಗೆ ಆಗ ಗುರುತು ಹತ್ತಿತು. ವ್ಯಾನಿನ ಡ್ರೈವರೇ ಬಂದು ಕಂಕುಳಿಗೆ ಕೈ ಕೊಟ್ಟು ಎತ್ತಿ ಇಳಿಸಿದ.

"ಒಂದು ನಿಮಿಷ," ಎಂದರು ಪೆರ್ನಿಲ್ಲಾ. ಅವರು ಆಗಲೇ ಪೆಟ್ಟಿಗೆಗೆ ನಂಬರಿನ ಚೀಟಿ ಕಟ್ಟಿಯಾಗಿತ್ತು. "ತುಂಬಾ ದುಃಖದ ವಿಷಯ. ಆದರೆ ಇದನ್ನ ಕದಲಿಸೋ ಹಾಗಿಲ್ಲ. ಪುರಾತನ ವಸ್ತು ಅಂತ ದಾಖಲಾಗಿದೆ."

"ಮರ ಪುರಾತನ. ಪೆಟ್ಟಿಗೆ ನಮ್ಮಣ್ಣಂದು. ಅವನೇ ಮಾಡಿದ್ದು."

"ಹಾಗಂತ ಏನಾದರೂ ಕಾಗದ ಪತ್ರ?"

"ಹೆಣ ಇದೆ," ಎಂದಳು ಇಂಗೆಗೆರ್ಡ್. "ತಂದು ಅಳತೆ ನೋಡ್ತೀರಾ?"

ಪೆರ್ನಿಲ್ಲಾ ಹೋಲ್ಗರನ ಕಡೆ ತಿರುಗಿದರು. "ನೀವೇ ಹೇಳಿ. ನೀವು ಅಧ್ಯಕ್ಷರು. ಇದು ರೊಟ್ಟಿ ಪೆಟ್ಟಿಗೆ ಅಂತ ನೀವೇ ವಿವರವಾಗಿ ಹೇಳಿದ್ದೀರಿ."

ಪತ್ರಿಕೆಯವನು ಪೆನ್ನು ತೆಗೆದ. ಬೇಕರಿ ಮನೆಯಿಂದ ಗುನ್ವೋರ್ ರೊಟ್ಟಿಯ ಬುಟ್ಟಿ ಹಿಡಿದು ಬಂದವಳು ಬಾಗಿಲಲ್ಲಿ ಪೆಟ್ಟಿಗೆ ಕಂಡು, ಬುಟ್ಟಿಯನ್ನು ನಿಧಾನವಾಗಿ ನೆಲಕ್ಕಿಟ್ಟಳು.

"ನಾನು ಹೇಳಿದ್ದೆಲ್ಲ ಸುಳ್ಳು," ಎಂದ ಹೋಲ್ಗರ್.

"ಯಾವುದು?"

"ಎಲ್ಲ. ಮಕ್ಕಳ ರೊಟ್ಟಿ ಅನ್ನೋದು ಇಲ್ಲ. ಆಳು ಮಲಗ್ತಿರ್ಲಿಲ್ಲ. ನಂಗೆ ಈ ಮನೆ ಬಗ್ಗೆ ಏನೂ ಗೊತ್ತಿಲ್ಲ. ನಾನು ಬಸ್ಸಿನ ಡ್ರೈವರು. ಅವತ್ತು ಕಾರು ನೋಡೋಕೆ ಹೋಗಿದ್ದೆ, ಅಧ್ಯಕ್ಷ ಮಾಡ್ಬಿಟ್ರು."

"ಆದರೆ ನಾನು ಬರೆದುಕೊಂಡಾಗಿದೆ," ಎಂದರು ಪೆರ್ನಿಲ್ಲಾ.

ಬರೆದದ್ದಕ್ಕೆ ಬರೆದದ್ದೇ ಉತ್ತರವಾಗಬೇಕು. ಹೋಲ್ಗರನಿಗೆ ಪೆನ್ಸಿಲಿನ ಗೀಚು ನೆನಪಾಯಿತು. ತಲೆಯ ಕಡೆಯ ಬಿಳಿ ಕಾಗದದ ಅಂಚು ಹಿಡಿದು ಎಳೆದ. ಉದ್ದಕ್ಕೂ ಹರಿದು ಬಂತು. ಕೆಳಗೆ ಬಡಗಿಯ ದಪ್ಪ ಪೆನ್ಸಿಲಿನ ಅಕ್ಷರಗಳಿದ್ದವು. ಕನ್ನಡಕ ಅವತ್ತೂ ಕಾರಿನಲ್ಲಿತ್ತು.

ಹತ್ತಿರ ನಿಂತಿದ್ದ ತೂವಾ ಎಂಬ ಒಂಬತ್ತರ ಹುಡುಗಿಗೆ ಓದು ಎಂದರೆ ಪ್ರಾಣ. ಯಾರೂ ಹೇಳದಿದ್ದರೂ ಶಾಲೆಯಲ್ಲಿ ಓದುವ ಹಾಗೆ ಗಟ್ಟಿಯಾಗಿ ಓದಲು ಶುರುಮಾಡಿದಳು.

"ಎವರ್ಟನ ಪೆಟ್ಟಿಗೆ. ಸ್ಕ್ರೂಗಳು ಅಡಿಗೆಮನೆಯ ನೀಲಿ ಡಬ್ಬಿಯಲ್ಲಿವೆ. ಒಳ್ಳೇ ಕಾಫಿ ಮಾಡಿ. ಪಾದ್ರಿ ಹತ್ತು ನಿಮಿಷಕ್ಕಿಂತ ಹೆಚ್ಚು ಮಾತಾಡಕೂಡದು. ಹೊರುವವರು. ಒಂದು, ಆಲ್ಗೋಟ್. ಇದನ್ನ ಗೀಟು ಎಳೆದು ಹೊಡೆದು ಹಾಕಿದೆ."

"ಮುಂದೆ ಓದು," ಎಂದಳು ಇಂಗೆಗೆರ್ಡ್.

"ಎರಡು, ರುನೆ. ಇದನ್ನೂ ಹೊಡೆದಿದೆ. ಮೂರು, ಹಿಲ್ಡಿಂಗ್, ಹೊಡೆದಿದೆ. ನಾಲ್ಕು, ಸೀಗ್ವಾರ್ಡ್, ಹೊಡೆದಿದೆ. ಐದು, ಎಲೋಫ್, ಇದನ್ನ ಎರಡು ಸಲ ಹೊಡೆದಿದೆ. ಯಾಕೆ ಎಲ್ಲ ತಪ್ಪು ತಪ್ಪು ಬರೆದಿದಾರೆ ಮೇಡಂ?"

"ತಪ್ಪಲ್ಲ ಪುಟ್ಟಾ," ಎಂದರು ಕಿಟಕಿಯ ಬಳಿಯಿಂದ ಹಿಲ್ಲೆವಿ. ಎಲೋಫ್ ಅವರ ಗಂಡ. "ಅವರೆಲ್ಲ ಸತ್ತುಹೋದ್ರು. ಒಬ್ಬೊಬ್ಬರು ಹೋದ ಹಾಗೆ ಎವರ್ಟ್ ಬಂದು ಹೊಡೆದು ಹೋಗ್ತಿದ್ದ."

"ಆರು," ಎಂದು ತೂವಾ ಮುಂದುವರಿದಳು. "ಹೋಲ್ಗರ್. ಇದನ್ನ ಹೊಡೆದಿಲ್ಲ. ಪಕ್ಕದಲ್ಲಿ ಚಿಕ್ಕದಾಗಿ ಬರೆದಿದೆ. ಇವನು ಹಿಂದುಗಡೆ ಹಿಡೀಲಿ. ಮುಂದೆ ಬಿಟ್ಟರೆ ಬೇರೆ ಊರಿನ ಸ್ಮಶಾನಕ್ಕೆ ಹೋಗ್ತೀವಿ."

ಯಾರೋ ಒಬ್ಬರು ನಕ್ಕು, ನಗು ಅರ್ಧಕ್ಕೇ ನುಂಗಿದರು. ಹೋಲ್ಗರ್ ಇಂಗು ತಿಂದ ಮಂಗನಂತೆ ಬರಿಗಾಲಿನಲ್ಲಿ ನಿಂತಿದ್ದ. ನಲವತ್ತೊಂದು ವರ್ಷ ಊರಿನವನೆನಿಸಿಕೊಳ್ಳಲು ಹೆಣಗಿದ್ದ. ಅವನ ಹೆಸರನ್ನು ಊರಿನವರ ಹೆಸರುಗಳ ಸಾಲಿನಲ್ಲಿ ಬರೆದಿದ್ದವನು ಒಬ್ಬನೇ, ಅದೂ ಬರೆದದ್ದು ಎಲ್ಲಿ! ಅವನಿಗೆ ಅಳು ಬಂತು. ಮಕ್ಕಳ ಮುಂದೆ ಅಳಬಾರದೆಂದು ಬೂಟಿನ ಲಾಡಿ ಕಟ್ಟಲು ಬಗ್ಗಿದ, ಆದರೆ ಬೂಟನ್ನು ಇನ್ನೂ ಹಾಕಿಕೊಂಡೇ ಇರಲಿಲ್ಲ.

ಪೆರ್ನಿಲ್ಲಾ ಚೀಟಿ ಬಿಚ್ಚಿ ಜೇಬಿಗೆ ಹಾಕಿಕೊಂಡರು. "ಇದನ್ನ ಬೇರೆ ವಿಭಾಗದವರು ನೋಡ್ಕೋಬೇಕು," ಎಂದರು ಮೆಲ್ಲಗೆ.

ಇಂಗೆಗೆರ್ಡ್ ಪೆಟ್ಟಿಗೆಯೊಳಗೆ ಇನ್ನೊಮ್ಮೆ ಇಣುಕಿದಳು. "ಇದರಲ್ಲಿದ್ದ ರೊಟ್ಟಿ ಎಲ್ಲಿ?"

"ಕುರಿಗಳಿಗೆ ಹಾಕ್ದೆ."

"ಯಾವತ್ತು?"

"ಗುರುವಾರ. ಮಧ್ಯಾಹ್ನ ಮೂರು ಗಂಟೆಗೆ."

ಇಂಗೆಗೆರ್ಡ್ ಖಾಲಿ ಪೆಟ್ಟಿಗೆಯ ಅಂಚಿನ ಮೇಲೆ ಕೈಯಿಟ್ಟಳು. "ಗುರುವಾರ ಮಧ್ಯಾಹ್ನದವರೆಗೂ ಚೆನ್ನಾಗೇ ಇದ್ದ. ಕಾಫಿ ಕುಡಿಯೋ ಹೊತ್ತಿಗೆ ಎದ್ದು ಕೂತು ಬೂಟು ಕೊಡು ಅಂದ. ಯಾಕೋ ಅಂದೆ. ಯಾರೋ ಕರೀತಿದಾರೆ, ಹೋಗ್ಬೇಕು ಅಂದ. ಹೋಲ್ಗರ್ ಬಂದಿರ್ಬೇಕು ಅಂದ."

ಹೋಲ್ಗರ್ ಕಿಟಕಿಯಿಂದ ಹಿತ್ತಲಿನ ಕುರಿಗಳ ಕಡೆ ನೋಡಿದ.

"ಅವನಿಗೆ ಎಂಬತ್ತೊಂಬತ್ತಾಗಿತ್ತು," ಎಂದಳು ಇಂಗೆಗೆರ್ಡ್. ಅದು ಸಮಾಧಾನವೋ ಆಪಾದನೆಯೋ ಹೋಲ್ಗರನಿಗೆ ಇವತ್ತಿಗೂ ತಿಳಿದಿಲ್ಲ.

ಖಾಲಿ ಪೆಟ್ಟಿಗೆಯನ್ನು ದಾರಿಯಲ್ಲಿ ಒಯ್ಯುವುದಿಲ್ಲ ಎಂದು ಹಿಲ್ಲೆವಿ ಹೇಳಿದರು. ಗುನ್ವೋರ್ ಮಾತಿಲ್ಲದೆ ಬುಟ್ಟಿ ತಂದು ಸುರಿದಳು. ಮಕ್ಕಳು ತಾವು ಲಟ್ಟಿಸಿದ ರೊಟ್ಟಿಗಳನ್ನು ತಂದು ತುಂಬಿದರು. ಸೊಟ್ಟ, ಹರಿದ, ಕರಕಲಾದ, ಬೆರಳ ಗುರುತಿನ ರೊಟ್ಟಿಗಳು. ಅವತ್ತು ಒಂದೊಂದು ಕೆಲಸ ಮುಗಿಸಿದ್ದಕ್ಕೂ ಮಕ್ಕಳ ಕಾರ್ಡಿಗೆ ಮುದ್ರೆ ಸಿಗುತ್ತಿತ್ತು, ಒಬ್ಬ ಹುಡುಗ ಇದಕ್ಕೂ ಮುದ್ರೆ ಒತ್ತುತ್ತೀರಾ ಎಂದು ಕೇಳಿದ. ಮೇಡಂ ಒತ್ತಿಕೊಟ್ಟರು. ಆಮೇಲೆ ಹೊರಬೇಕಿತ್ತು. ಹೋಲ್ಗರ್ ಹಿಂದುಗಡೆಗೆ ಹೋಗಿ ನಿಂತ. ಉಳಿದ ಐದು ಜಾಗ ಖಾಲಿ. ವ್ಯಾನಿನ ಡ್ರೈವರ್, ಮೇಡಂ, ಪತ್ರಿಕೆಯವನು, ಅವಳಿ ಮಕ್ಕಳ ಅಪ್ಪ ಬಂದು ಹಿಡಿದರು. ಆರನೆಯ ಜಾಗಕ್ಕೆ ಪೆರ್ನಿಲ್ಲಾ ಬಂದರು. ಕೈಗವಸು ಬಿಚ್ಚಿ ಹಿಡಿದರು.

ಸೋಮವಾರ ಪತ್ರಿಕೆಯಲ್ಲಿ ಅರ್ಧ ಪುಟ ಬಂತು. ಪತ್ರಿಕೆಯವನು ವರದಿಯನ್ನು ಬದಲಿಸಿದ್ದ, ಆದರೆ ಅವಳಿ ಮಕ್ಕಳ ಫೋಟೋ ಮಾತ್ರ ಯಾರದೋ ಕೈತಪ್ಪಿನಿಂದ 'ಕ್ವಾರ್ನ್‌ಮೀರಾದ ಅಪರೂಪದ ರೊಟ್ಟಿ ಪೆಟ್ಟಿಗೆ' ಎಂಬ ಸಾಲಿನೊಂದಿಗೇ ಅಚ್ಚಾಗಿತ್ತು. ಮಂಗಳವಾರ ಊಸ್ಟರ್‌ಓ ಸಂಘದ ಅಧ್ಯಕ್ಷನೇ ಫೋನ್ ಮಾಡಿದ. ಹೋಲ್ಗರ್ ವರ್ಷವಿಡೀ ಕನಸು ಕಂಡಿದ್ದ ಫೋನು ಅದು.

"ಏನಪ್ಪಾ, ಭಾರಿ ಪೆಟ್ಟಿಗೆ ಹೊಡೆದ್ಬಿಟ್ಟೆ. ಮುಂದಿನ ಬೇಸಿಗೇಲಿ ನಮಗೆ ಒಂದು ವಾರ ಕೊಡ್ತೀಯಾ?"

"ಆಗಲ್ಲ," ಎಂದ ಹೋಲ್ಗರ್. "ಅದು ಬಳಕೇಲಿದೆ."

ಮಣ್ಣು ಮಾಡಿದ್ದು, ಇಲ್ಲಿಯ ಪದ್ಧತಿಯಂತೆ, ಮೂರು ವಾರದ ನಂತರ. ಪಾದ್ರಿ ಒಂಬತ್ತು ನಿಮಿಷ ಮಾತಾಡಿದರು. ಇಂಗೆಗೆರ್ಡ್ ಗಡಿಯಾರ ಹಿಡಿದು ಮುಂದೆಯೇ ಕೂತಿದ್ದಳು. ಅದಕ್ಕೂ ಮೊದಲು, ಮುಚ್ಚಳಕ್ಕೆ ಸ್ಕ್ರೂ ಹಾಕುವ ಹೊತ್ತಿಗೆ, ನೀಲಿ ಡಬ್ಬಿ ಹಿಡಿದು ನಿಂತಿದ್ದ ಹೋಲ್ಗರ್ ಅವಳನ್ನು ಕೇಳಿದ.

"ಇಂಗೆಗೆರ್ಡ್, ಒಳಗೆ ನನ್ನ ಹೆಸರು ಹಾಗೇ ಇದೆಯಲ್ಲ."

"ಬದುಕಿರೋರ ಹೆಸರು ಹೊಡೆಯೋಕೆ ಬರಲ್ಲ."

"ಹಾಗಾದ್ರೆ ಅವನು ಕೆಳಗೆ ನಾನು ಬರೋದನ್ನೇ ಕಾಯ್ತಾ ಇರ್ತಾನಾ?"

ಇಂಗೆಗೆರ್ಡ್ ಡಬ್ಬಿಯಿಂದ ಒಂದು ಸ್ಕ್ರೂ ಆರಿಸಿಕೊಂಡಳು.

"ಅವನಿಗೆ ಅಭ್ಯಾಸ ಇದೆ," ಎಂದಳು. "ಬೇಸಿಗೆಯೆಲ್ಲಾ ಕಾದಿದ್ದ."

ಹೋಲ್ಗರ್ ಎಂಟು ಸ್ಕ್ರೂಗಳನ್ನೂ ಒಂದೊಂದಾಗಿ ಅವಳ ಕೈಗೆ ಕೊಟ್ಟ. ಆಮೇಲೆ ಹಿಂದುಗಡೆಗೆ ಹೋಗಿ ತನ್ನ ಜಾಗದಲ್ಲಿ ನಿಂತು ಪೆಟ್ಟಿಗೆ ಎತ್ತಿದ.